ಬೆಲ್ತ್ರಾಮಿಯವರ ಕೊನೆಯ ನಿಯೋಗ

ರೈಲು ಇನ್ನೂ ಆನ್ ಆರ್ಬರ್ ದಾಟಿಲ್ಲ ಎಂದು ನಿಲ್ದಾಣದ ಬೋರ್ಡು ತೋರಿಸಿದಾಗ ಚೇತನಾಗೆ ಒಳಗೊಳಗೇ ಹಗುರವಾಯಿತು. ಹಗುರವಾಯಿತಲ್ಲ ಎಂದು ಮರುಕ್ಷಣವೇ ನಾಚಿಕೆಯೂ ಆಯಿತು. ಎಪ್ಪತ್ತು ದಾಟಿದ ಮನುಷ್ಯ ಶಿಕಾಗೊದಲ್ಲಿ ಬೆಳಗಿನ ರೈಲು ಹತ್ತಿ, ಇವಳು ನಿಲ್ದಾಣದಲ್ಲಿ ಕಾಯುತ್ತಾಳೆ ಎಂಬ ನಂಬಿಕೆಯಿಂದ ಇಷ್ಟು ದೂರ ಬರುತ್ತಿದ್ದರೆ, ಇವಳು ಆ ರೈಲು ದಾರಿಯಲ್ಲೇ ಎಲ್ಲಾದರೂ ಕೆಟ್ಟು ನಿಲ್ಲಲಿ ಎಂದು ಬಯಸುತ್ತಿದ್ದಳು. ಡಿಯರ್‌ಬಾರ್ನ್ ನಿಲ್ದಾಣದ ಗಾಜಿನ ಆಚೆ ಮಾರ್ಚ್ ತಿಂಗಳ ಸಪ್ಪೆ ಬೆಳಕಿತ್ತು. ಪಾರ್ಕಿಂಗ್ ಲಾಟಿನ ಅಂಚಿಗೆ ದೂಡಿದ್ದ ಹಿಮ ಮಸಿ ಹಿಡಿದು, ಕರಗಲೂ ಆರದೆ ಉಳಿಯಲೂ ಆರದೆ ಬಿದ್ದಿತ್ತು. ಬೆಳಿಗ್ಗೆ ಅರುಣ್ ಕುಮಾರ್ ಅವಳ ಕ್ಯಾಬಿನ್ನಿನ ಬಾಗಿಲಿಗೆ ಒರಗಿ ನಿಂತು ಹೇಳಿದ್ದು ಇನ್ನೂ ಕಿವಿಯಲ್ಲಿತ್ತು. ಆತ ಕಂಪನಿಯ ಖರೀದಿ ವಿಭಾಗಕ್ಕೆ ವೈಸ್ ಪ್ರೆಸಿಡೆಂಟ್, ಮೈಸೂರಿನವನು, ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವನು. ಇಬ್ಬರೇ ಇದ್ದಾಗ ಕನ್ನಡದಲ್ಲೇ ಮಾತಾಡುತ್ತಿದ್ದ, ಅದರಲ್ಲೂ ಕೆಟ್ಟ ಕೆಲಸ ಹೇಳುವಾಗ. “ಚೇತನಾ ಅವ್ರೇ, ನೀವು ಪಕ್ಕದಲ್ಲಿ ಕೂತಿದ್ರೆ ಸಾಕು. ಅವ್ರು ಏನ್ ಹೇಳ್ತಾರೋ ಕೇಳಿಸ್ಕೊಳ್ಳೋಣ, ಒಂದು ಫೋಟೊ ತೆಗ್ಸ್ಕೊಳ್ಳೋಣ, ಮರ್ಯಾದೆಯಾಗಿ ಕಳಿಸಿಕೊಡೋಣ. ಒಹಾಯೊದವ್ರು ಮುಂದಿನ ವಾರ ಸೈನ್ ಮಾಡೋವರ್ಗೂ ಇಟಲಿಯವ್ರಿಗೆ ಏನೂ ಗೊತ್ತಾಗ್ಬಾರ್ದು. ಗೊತ್ತಾದ್ರೆ ಪೈಪೋಟಿಗೆ ಇನ್ಯಾರೂ ಇಲ್ಲ ಅಂತ ಒಹಾಯೊದವ್ರ ಕಿವಿಗೂ ಬೀಳತ್ತೆ, ಅವ್ರು ರೇಟ್ ಏರಿಸ್ಬಿಡ್ತಾರೆ.” ಅವಳು ತಲೆಯಾಡಿಸಿದ್ದಳು. ತಲೆಯಾಡಿಸದೆ ಇರಲು ಅವಳಿಗೆ ಹಕ್ಕೇ ಇರಲಿಲ್ಲ, ಏಕೆಂದರೆ ತಗಡು ಒತ್ತುವ ಇಟಲಿಯ ಪ್ರೆಸ್‌ಗಳು ಬೇಡ ಎಂದು ಮೊದಲು ಹೇಳಿದವಳು ಅವಳೇ.

ಸ್ಟರ್ಲಿಂಗ್ ಹೈಟ್ಸ್‌ನ ಪ್ಲಾಂಟಿನಲ್ಲಿ ಅವಳ ಕಂಪನಿ ಕಾರುಗಳ ಬಾಗಿಲು, ಬಾನೆಟ್ಟುಗಳ ತಗಡು ಒತ್ತಿಸುತ್ತಿತ್ತು. ಅದಕ್ಕಾಗಿ ಎರಡು ದೊಡ್ಡ ಪ್ರೆಸ್‌ಗಳನ್ನು ಉತ್ತರ ಇಟಲಿಯ ಒಂದು ಕಣಿವೆಯ ಕಾರ್ಖಾನೆಗೆ ಹೇಳಿ ಮಾಡಿಸುವುದೆಂದು ನಿಶ್ಚಯವಾಗಿತ್ತು. ಅಷ್ಟರಲ್ಲಿ ಹೊಸ ಸುಂಕ ಬಂತು. ಸುಂಕದ ಲೆಕ್ಕ ಹಾಕುವುದು, ಯಾವ ಸಾಮಾನು ಯಾವ ದೇಶದಿಂದ ಬಂದರೆ ಏನಾಗುತ್ತದೆ ಎಂದು ಮೇಲಿನವರಿಗೆ ತಿಳಿಸುವುದು ಚೇತನಾಳ ಕೆಲಸ. ಇಟಲಿಯವಕ್ಕಿಂತ ಒಹಾಯೊದ ಕಂಪನಿಯ ಪ್ರೆಸ್‌ಗಳೇ ಅಗ್ಗವಾಗುತ್ತವೆ ಎಂದು ಅವಳು ನಾಲ್ಕು ಪುಟದಲ್ಲಿ ಎಲ್ಲವನ್ನೂ ಬಿಡಿಸಿಟ್ಟಳು. ಅದನ್ನು ಬರೆದು ಮುಗಿಸಿದ ಸಂಜೆ ಅವಳಿಗೆ ಒಂದು ಬಗೆಯ ಹೆಮ್ಮೆಯಾಗಿದ್ದು ನಿಜ. ಒಂದು ಅನಗತ್ಯ ಮಾತಿಲ್ಲ, ಒಂದು ಸಡಿಲ ಗಂಟಿಲ್ಲ. ಹಾಗೆ ಬರೆಯಲು ಕಲಿಸಿದವರೇ ಈಗ ಆ ಕಾರ್ಖಾನೆಯ ಪರವಾಗಿ ಮಾತಾಡಲು ರೈಲಿನಲ್ಲಿ ಬರುತ್ತಿದ್ದರು. ಗದಗಿನಿಂದ ಮದುವೆಯಾಗಿ ಬಂದ ಹೊಸದರಲ್ಲಿ, ಗಂಡ ಸಂಗಮೇಶ್ ಶಿಕಾಗೊದಲ್ಲಿ ಕೆಲಸದಲ್ಲಿದ್ದಾಗ, ಅವಳು ಅಲ್ಲಿನ ಒಂದು ಇಟಾಲಿಯನ್ ವಾಣಿಜ್ಯ ಕಚೇರಿಗೆ ಟೈಪಿಸ್ಟ್ ಎಂದು ಸೇರಿದ್ದಳು. ಆ ಕಚೇರಿಯ ಮುಖ್ಯಸ್ಥರು ಲೊರೆಂಜೊ ಬೆಲ್ತ್ರಾಮಿ. ಲಾಗೋಸ್, ಜಕಾರ್ತ, ಜಿನೀವಾಗಳಲ್ಲಿ ದೇಶಕ್ಕಾಗಿ ವ್ಯಾಪಾರದ ಮಾತುಕತೆ ನಡೆಸಿ ಬಂದವರು. ಬಟ್ಟೆಯ ಕೋಟಾಕ್ಕಾಗಿ ಮೂರು ದೇಶದವರನ್ನು ಒಂದೇ ಕೋಣೆಯಲ್ಲಿ ಕೂರಿಸಿ, ಯಾರಿಗೂ ಊಟ ತರಿಸದೆ, ಹಸಿವಿನಿಂದಲೇ ಒಪ್ಪಿಗೆಗೆ ತಂದೆ ಎಂದು ನಗುತ್ತ ಹೇಳುತ್ತಿದ್ದರು. ಅವಳಿಗೆ ಇಟಾಲಿಯನ್ ಕಲಿಸಿದರು. ಸುಂಕದ ಸಂಖ್ಯೆಗಳನ್ನು ಅವಳ ಸೋದರಮಾವ ಪಂಚಾಂಗ ನೋಡುತ್ತಿದ್ದ ಹಾಗೆ ಬೆರಳಿಟ್ಟು ಓದಲು ಕಲಿಸಿದರು. ಬಿ.ಕಾಂ. ಓದಿದವಳನ್ನು ಅವರ ದೇಶದ ರೂಢಿಯಂತೆ ದೊತ್ತೊರೆಸ್ಸಾ ಎಂದು ಕರೆದರು, ಡಾಕ್ಟರಮ್ಮ ಅನ್ನುವ ಹಾಗೆ. ಆ ಹೆಸರಿಗೆ ಅವಳು ಮನೆಯಲ್ಲಿ ಎಷ್ಟು ದಿನ ಒಬ್ಬಳೇ ನಕ್ಕಿದ್ದಳೋ.

ಆದರೆ ಅದೇ ಕಚೇರಿಯ ಉದ್ದನೆಯ ಮೇಜಿನ ಸುತ್ತ ಅಮೆರಿಕದ ಆಮದುದಾರರು ಕೂತಿದ್ದ ದಿನ, ಅವಳು ತಾನೇ ಸಿದ್ಧಪಡಿಸಿದ ಕಾಗದಗಳೊಂದಿಗೆ ಮೊದಲ ಸಲ ಆ ಮೇಜಿಗೆ ಕೂರಲು ಬಂದಾಗ, ಅವರಲ್ಲೊಬ್ಬ ಅವಳ ಕಡೆ ನೋಡದೆಯೇ, ಸ್ವಲ್ಪ ಕಾಫಿ ಸಿಗುತ್ತದೆಯೇ ಎಂದಿದ್ದ. ಅವಳು ಬೆಲ್ತ್ರಾಮಿಯವರನ್ನು ನೋಡಿದಳು. ಅವರು ಕಣ್ಣಿನಲ್ಲೇ ತಾ ಎಂದರು. ಅವಳು ತಂದಳು, ಎಲ್ಲರಿಗೂ ಬಗ್ಗಿಸಿ ಕೊಟ್ಟಳು. ಸಭೆ ಮುಗಿದ ಮೇಲೆ ಅವರು ಅವಳನ್ನು ಕಿಟಕಿಯ ಹತ್ತಿರ ಕರೆದು, “ಯಾರು ನಿನಗೆ ಥ್ಯಾಂಕ್ಸ್ ಹೇಳಿದರು, ಯಾರು ಹೇಳಲಿಲ್ಲ, ನೋಡಿಕೊಂಡೆಯಾ? ಹೇಳಿದವನ ಕೈಯಲ್ಲಿ ತೀರ್ಮಾನಿಸುವ ಅಧಿಕಾರವಿಲ್ಲ. ಮೇಜಿಗೆ ಕೂತ ನನಗೆ ಇದು ಕಾಣುವುದಿಲ್ಲ, ಕಾಫಿ ಕೊಡುವವರಿಗೆ ಕಾಣುತ್ತದೆ” ಎಂದರು. ಅದು ಪಾಠವೋ, ತನ್ನ ಪರವಾಗಿ ಅವರು ಮಾತಾಡದೆ ಇದ್ದುದಕ್ಕೆ ಆಮೇಲೆ ಹೊಂದಿಸಿದ ಮಾತೋ ಎಂದು ಅವಳಿಗೆ ಇಂದಿಗೂ ಬಗೆಹರಿದಿಲ್ಲ. ಪಾಠವಂತೂ ಉಪಯೋಗಕ್ಕೆ ಬಂದಿತ್ತು. ಅವಮಾನವೂ ಅಲ್ಲೇ ಇತ್ತು, ತೊಳೆದಿಟ್ಟ ಪಾತ್ರೆಯ ತಳದ ಕಲೆಯ ಹಾಗೆ. ಆಮೇಲೆ ಅವರು ದೇಶಕ್ಕೆ ಮರಳಿ ಚುನಾವಣೆಗೆ ನಿಂತರು, ಗೆದ್ದರು, ಕೊನೆಗೆ ವಿದೇಶ ವ್ಯಾಪಾರದ ಮಂತ್ರಿಯೂ ಆದರು. ಒಂದು ಚಳಿಗಾಲ ತುಂಬುವಷ್ಟು ಕಾಲ ಮಾತ್ರ, ಅಷ್ಟರಲ್ಲಿ ಸರ್ಕಾರ ಬಿತ್ತು. ಮಂತ್ರಿಯಾಗಿದ್ದಾಗ ಅವರು ವಾಷಿಂಗ್ಟನ್ನಿಗೆ ಬಂದ ಸುದ್ದಿ ಓದಿ, ಅವಳು ಹೇಗೋ ಆಹ್ವಾನ ಹೊಂದಿಸಿಕೊಂಡು, ರಜೆ ಹಾಕಿ, ಇಳಕಲ್ ಸೀರೆ ಉಟ್ಟು ಹೋಗಿ ಸಾಲಿನಲ್ಲಿ ನಿಂತಿದ್ದಳು. ಅವರು ಅವಳ ಕೈ ಕುಲುಕಿ, ‘ಪಿಯಾಚೇರೆ’ ಎಂದು ಮುಂದಿನವರ ಕಡೆ ತಿರುಗಿದರು. ಹೊಸಬರಿಗೆ ಹೇಳುವ ಮಾತು ಅದು, ಭೇಟಿಯಾಗಿ ಸಂತೋಷ ಎಂದು. ಅವಳು ಅದನ್ನು ಸಂಗಮೇಶ್‌ಗೂ ಹೇಳಲಿಲ್ಲ.

ರೈಲು ಬಂತು. ಇಳಿದವರಲ್ಲಿ ಅವರನ್ನು ಗುರುತಿಸಲು ಅವಳಿಗೇ ಕ್ಷಣ ಹಿಡಿಯಿತು. ಉಣ್ಣೆಯ ಕರಿ ಕೋಟು ಅದೇ ಘನತೆಯದ್ದು, ಆದರೆ ಅದರೊಳಗಿನ ಮನುಷ್ಯ ಒಂದು ಅಳತೆ ಕಡಿಮೆಯಾಗಿದ್ದರು. ಏನೆಂದು ಕರೆಯಬೇಕೆಂದು ಅವಳು ಬೆಳಿಗ್ಗೆಯಿಂದ ಯೋಚಿಸಿದ್ದಳು. ಒಮ್ಮೆ ಮಂತ್ರಿಯಾದವರನ್ನು ಇಟಲಿಯಲ್ಲಿ ಸಾಯುವವರೆಗೂ ಮಿನಿಸ್ತ್ರೊ ಎನ್ನುತ್ತಾರೆ. “ಮಿನಿಸ್ತ್ರೊ” ಎಂದಳು. ಅವರು ಅವಳ ಎರಡೂ ಕೈ ಹಿಡಿದು ನೋಡಿ, “ದೊತ್ತೊರೆಸ್ಸಾ, ಕೂದಲು ಕತ್ತರಿಸಿಬಿಟ್ಟಿದ್ದೀಯ. ಜಡೆ ಎಷ್ಟು ಉದ್ದ ಇತ್ತು” ಎಂದರು. ಅವಳಿಗೆ ಸಿಟ್ಟೇ ಬಂತು. ಇಷ್ಟು ನೆನಪಿರುವವರಿಗೆ ವಾಷಿಂಗ್ಟನ್ನಿನ ಆ ಸಂಜೆ ಏನಾಗಿತ್ತು? ಅಂದು ಗುರುತು ಹಿಡಿಯದ ಮನುಷ್ಯನಿಗೆ ಇಂದು ಮೋಸ ಮಾಡುವುದು ಸುಲಭವಾಗಿತ್ತು. ಜಡೆ ನೆನಪಿಟ್ಟುಕೊಂಡವರು ಆ ಸುಲಭವನ್ನೂ ಕಿತ್ತುಕೊಂಡರು.

ಸೌತ್‌ಫೀಲ್ಡ್ ಫ್ರೀವೇಯಲ್ಲಿ ಚಳಿಗಾಲ ಕಿತ್ತುಹಾಕಿದ ಗುಂಡಿಗಳನ್ನು ತಪ್ಪಿಸುತ್ತ ಅವಳು ಡ್ರೈವ್ ಮಾಡಿದಳು. ಅವರು ಕೈಚೀಲವನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಮಾತಾಡುತ್ತಲೇ ಇದ್ದರು. ಕಣಿವೆಯ ಕಾರ್ಖಾನೆಯನ್ನು ಈಗ ಓರ್ನೆಲ್ಲಾ ನಡೆಸುತ್ತಿದ್ದಾಳೆ, ನೆನಪಿದೆಯಾ, ಶಿಕಾಗೊದ ಯಂತ್ರಗಳ ಮೇಳಕ್ಕೆ ಅಪ್ಪನ ಜೊತೆ ಬಂದಿದ್ದ ಹುಡುಗಿ? ನೆನಪಿತ್ತು. ಚೇತನಾ ಅವಳನ್ನು ಸರೋವರದ ದಂಡೆಗೆ ಕರೆದುಕೊಂಡು ಹೋಗಿದ್ದಳು. ಇದು ಸಮುದ್ರವಲ್ಲ ಎಂದರೆ ಆ ಹುಡುಗಿ ನಂಬಿರಲಿಲ್ಲ. “ನನ್ನ ತಂದೆ ಅದೇ ಕಾರ್ಖಾನೆಯ ಎರಕದ ಮನೆಯಲ್ಲಿ ದುಡಿದವರು. ನನಗೀಗ ಯಾರೂ ಸಂಬಳ ಕೊಡುವುದಿಲ್ಲ, ಯಾರೂ ಕಳಿಸುವುದೂ ಇಲ್ಲ. ಹೊಸ ಸುಂಕ ಬಂದ ಮೇಲೆ ಓರ್ನೆಲ್ಲಾ ಬಂದು, ನೀವೊಮ್ಮೆ ಹೋಗಿ ಮಾತಾಡಿ ಬನ್ನಿ ಅಂದಳು. ನನ್ನ ಮಾತಿಗೆ ಇನ್ನೂ ಬೆಲೆ ಇದೆ ಅಂತ ನಂಬಿರುವವಳು ಅವಳೊಬ್ಬಳು.” ಆಮೇಲೆ, “ಸೋಮವಾರ ಪ್ರೆಸ್‌ಗಳ ಚೌಕಟ್ಟಿಗೆ ಎರಕ ಹೊಯ್ಯುತ್ತಾರೆ. ಒಮ್ಮೆ ಹೊಯ್ದರೆ ಆ ಅಳತೆ ನಿಮಗೆ ಬಿಟ್ಟು ಇನ್ನಾರಿಗೂ ಬರುವುದಿಲ್ಲ. ಅದಕ್ಕೇ ಈಗಲೇ ಬಂದೆ” ಎಂದರು. ಚೇತನಾ ಕನ್ನಡಿ ನೋಡಿ ಲೇನ್ ಬದಲಿಸಿದಳು. ಸೋಮವಾರದ ವಿಷಯ ಅವಳಿಗೆ ಗೊತ್ತಿರಲಿಲ್ಲ. ಅರುಣ್‌ಗೆ ಗೊತ್ತಿತ್ತೇ? ಗೊತ್ತಿದ್ದರೂ ಅವನು ಅದೇ ಮಾತು ಹೇಳುತ್ತಿದ್ದ.

“ಕೋಣೆಯಲ್ಲಿ ಯಾರು ಯಾರು ಇರುತ್ತಾರೆ?” ಎಂದು ಅವರು ಕೇಳಿದರು.

ಅವಳು ಹೆಸರುಗಳನ್ನು ಹೇಳಿದಳು. ಅರುಣ್ ಕುಮಾರ್, ಪ್ಲಾಂಟಿನ ಒಬ್ಬ ಎಂಜಿನಿಯರ್, ಕಾನೂನು ವಿಭಾಗದ ಒಬ್ಬಾಕೆ, ತಾನು. ಅವರು ಕಿಟಕಿಯ ಆಚೆ ನೋಡುತ್ತ ಕೇಳಿಸಿಕೊಂಡರು. ತೀರ್ಮಾನ ಆಗಿಹೋಗಿದೆ ಎಂದು ಆಗಲೇ ಹೇಳಿಬಿಡಬಹುದಾಗಿತ್ತು. ಮುಂದಿನ ಎಕ್ಸಿಟ್ ಬರಲಿ, ಆಗ ಹೇಳುತ್ತೇನೆ ಎಂದುಕೊಂಡಳು. ಎಕ್ಸಿಟ್ ಬಂತು, ಹೋಯಿತು. ಹೆದ್ದಾರಿಯ ಪಕ್ಕ ಕಚೇರಿಯ ಗಾಜಿನ ಗೋಪುರಗಳು ಕಾಣಿಸಿಕೊಂಡವು. ಅವಳಿಗೆ ನಿದ್ದೆ ಬರುವಷ್ಟು ದಣಿವಾಗಿತ್ತು.

ಕೆಳಗಿನ ಸ್ವಾಗತದ ಮೇಜಿನಲ್ಲಿ ಕೊಟ್ಟ ಬ್ಯಾಡ್ಜಿನ ಮೇಲೆ ಅವರ ಹೆಸರು ತಪ್ಪಾಗಿ ಅಚ್ಚಾಗಿತ್ತು. ಅವರು ತಿದ್ದಿಸಲಿಲ್ಲ. ಅಂಟಿನ ಆ ಕಾಗದ ಉಣ್ಣೆಯ ಕೋಟಿಗೆ ಅಂಟದೆ ಮತ್ತೆ ಮತ್ತೆ ಬೀಳುತ್ತಿತ್ತು. ಅವರು ಪ್ರತಿ ಸಲವೂ ಬಗ್ಗಿ ಎತ್ತಿಕೊಂಡು ಎದೆಗೆ ಒತ್ತಿಕೊಳ್ಳುತ್ತಿದ್ದರು. ಮೇಲೆ ಹೋದರೆ ದೊಡ್ಡ ಬೋರ್ಡ್ ರೂಮನ್ನು ಬೇರೆಯವರಿಗೆ ಕೊಟ್ಟಾಗಿತ್ತು. ಪ್ರಿಂಟರಿನ ಪಕ್ಕದ ಚಿಕ್ಕ ಕೋಣೆಗೆ ಕರೆದುಕೊಂಡು ಹೋದರು. ಅಲ್ಲಿ ಮಧ್ಯಾಹ್ನದ ಯಾವುದೋ ಮೀಟಿಂಗಿನಲ್ಲಿ ಉಳಿದ ಸ್ಯಾಂಡ್‌ವಿಚ್‌ಗಳ ತಟ್ಟೆ ಇತ್ತು, ಅಂಚುಗಳು ಒಣಗಿ ಮೇಲೆದ್ದಿದ್ದವು. ಎಂಜಿನಿಯರ್ ಹುಡುಗ ಚಿಪ್ಸ್ ತಿನ್ನುತ್ತ, ನೀವು ಯಾವುದೋ ವ್ಯಾಪಾರಿ ಸಂಘದವರಲ್ಲವೇ ಎಂದು ಕೇಳಿದ. ಅಲ್ಲ, ಎಂದಷ್ಟೇ ಹೇಳಿ ಬೆಲ್ತ್ರಾಮಿ ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿ, ಎದ್ದು ನಿಂತು ಮಾತು ಶುರು ಮಾಡಿದರು. ಕೂತು ಮಾತಾಡುವ ಕೋಣೆಯಲ್ಲಿ ನಿಂತವರನ್ನು ನೋಡಿ ಕಾನೂನಿನಾಕೆ ಫೋನು ಕೆಳಗಿಟ್ಟಳು, ಸ್ವಲ್ಪ ಹೊತ್ತು.

ಅವರು ಚೆನ್ನಾಗಿಯೇ ಮಾತಾಡಿದರು. ಪ್ರೆಸ್‌ಗಳನ್ನು ಬಿಡಿಯಾಗಿ ತಂದು ಇಲ್ಲೇ ಜೋಡಿಸಿದರೆ ಸುಂಕದ ಭಾರ ಎಷ್ಟು ಇಳಿಯುತ್ತದೆ, ಅದಕ್ಕೆ ಕಾರ್ಖಾನೆ ಏನೇನು ಬಿಟ್ಟುಕೊಡಲು ಸಿದ್ಧವಿದೆ, ಎಲ್ಲವನ್ನೂ ಕಾಗದ ನೋಡದೆ ಹೇಳಿದರು. ಅದು ಚೇತನಾ ಯೋಚಿಸಿರದ ದಾರಿ. ಯೋಚಿಸಿರಲಿಲ್ಲವೋ, ಯೋಚಿಸುವ ಗೋಜಿಗೆ ಹೋಗಿರಲಿಲ್ಲವೋ? ನಾಲ್ಕು ಪುಟ ಅಷ್ಟು ಅಚ್ಚುಕಟ್ಟಾಗಿ ಬಂದದ್ದು ಈ ಐದನೆಯ ಪುಟವನ್ನು ಅವಳು ಬರೆಯದೆ ಬಿಟ್ಟದ್ದರಿಂದಲೇ ಎಂದು ಅನ್ನಿಸಿ ಅವಳಿಗೆ ಕಿವಿ ಬಿಸಿಯಾಯಿತು. ನಡುವೆ ಅವರು ಎರಡು ಸಲ ವರ್ಷ ತಪ್ಪಾಗಿ ಹೇಳಿದರು, ಒಮ್ಮೆ ತಿಳಿಯದೆ ಇಟಾಲಿಯನ್ನಿಗೆ ಹೊರಳಿ ಇಡೀ ವಾಕ್ಯ ಮುಗಿಸಿದರು. ಎಂಜಿನಿಯರ್ ಅರುಣ್ ಕಡೆ ನೋಡಿ ನಕ್ಕ. ಚೇತನಾ ಆ ವಾಕ್ಯವನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದಳು, ತಾನೇ ಹೇಳುತ್ತಿರುವಂತೆ, ಸ್ವಲ್ಪ ಜೋರಾಗಿ. ಕೊನೆಯಲ್ಲಿ ಅರುಣ್, “ತುಂಬ ಉಪಯುಕ್ತ ಮಾತು, ನಾವು ಖಂಡಿತ ಪರಿಶೀಲಿಸುತ್ತೇವೆ” ಎಂದು ಇಂಗ್ಲಿಷಿನಲ್ಲಿ ಹೇಳಿ ಎದ್ದು ಕೈ ಕುಲುಕಿದ. ಫೋಟೊ ತೆಗೆದರು. ಫೋಟೊದಲ್ಲಿ ಬೆಲ್ತ್ರಾಮಿ ಮಂತ್ರಿಯ ನಗೆ ನಕ್ಕರು. ಅದು ಹೇಗೋ ಮುಖದಲ್ಲಿ ಉಳಿದುಕೊಂಡಿತ್ತು.

ಅವರು ಬಾತ್‌ರೂಮಿಗೆ ಹೋದಾಗ ಚೇತನಾ ಕಾರಿಡಾರಿನಲ್ಲಿ ಅರುಣನನ್ನು ನಿಲ್ಲಿಸಿದಳು. “ಬಿಡಿಯಾಗಿ ತರಿಸೋ ವಿಚಾರ ನಾವು ನೋಡೇ ಇಲ್ಲರಿ. ಒಂದ್ ಸಲ ನೋಡೂಣು.”

“ಚೇತನಾ ಅವ್ರೇ, ಅದೆಲ್ಲ ಮುಗಿದಿದೆ. ನಿಮ್ಮ ರಿಪೋರ್ಟ್ ನೋಡೇ ಅಲ್ವಾ ಮೇಲಿನವ್ರು ಓಕೆ ಮಾಡಿದ್ದು?”

“ಸೋಮವಾರ ಎರಕ ಹೊಯ್ತಾರಂತ. ಅಷ್ಟರಾಗ ಹೇಳಿದ್ರ ಅವ್ರು ನಿಲ್ಲಿಸ್ತಾರ.”

ಅರುಣ್ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡ. ಅವನೂ ದಣಿದಿದ್ದ. ಅವನ ಮೇಲೆ ಇನ್ನೊಬ್ಬ, ಅವನ ಮೇಲೆ ಮತ್ತೊಬ್ಬ. “ನನಗೇನು ಖುಷೀನಾ ಹೇಳಿ? ಮಾತು ಹೊರಗೆ ಹೋದ್ರೆ ಎಲ್ಲಿಂದ ಹೋಯ್ತು ಅಂತ ಮೊದ್ಲು ನಿಮ್ಮನ್ನೇ ಕೇಳ್ತಾರೆ. ಆಮೇಲೆ ನನ್ ಕೈಲಿ ಏನೂ ಆಗಲ್ಲ. ದಯವಿಟ್ಟು ಅವ್ರನ್ನ ಹೋಟೆಲಿಗೆ ಬಿಟ್ಟು ಮನೆಗೆ ಹೋಗಿ.”

ಆದರೆ ಕಾರಿನಲ್ಲಿ ಕೂತು ಬೆಲ್ಟು ಹಾಕಿಕೊಂಡ ಮೇಲೆ ಬೆಲ್ತ್ರಾಮಿ, ಇಷ್ಟು ಬೇಗ ಹೋಟೆಲಿಗೆ ಬೇಡ ಎಂದರು. “ಸಂಜೆಯ ಈ ಹೊತ್ತಿಗೆ ಹೋಟೆಲ್ ಕೋಣೆಯ ಬಾಗಿಲು ತೆಗೆಯುವುದು ನನ್ನಿಂದ ಆಗುವುದಿಲ್ಲ. ನಲವತ್ತು ವರ್ಷ ಅದನ್ನೇ ಮಾಡಿದ್ದೇನೆ.” ಅವಳು ಕ್ಯಾಂಟನ್‌ಗೆ, ಮನೆಯ ಕಡೆಗೆ ತಿರುಗಿಸಿದಳು. ಫೋರ್ಡ್ ರೋಡಿನ ಟ್ರಾಫಿಕ್ಕಿನಲ್ಲಿ ಅವರು ಕಣ್ಣು ಮುಚ್ಚಿದ್ದರು. ನಿದ್ದೆಯೋ ನಟನೆಯೋ ತಿಳಿಯಲಿಲ್ಲ. ಸಭೆಯ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಹೇಗಾಯಿತು, ಅವರು ಏನು ಮಾಡುತ್ತಾರೆ ಎಂದು ಬೇರೆ ಯಾರೇ ಆಗಿದ್ದರೂ ಕೇಳುತ್ತಿದ್ದರು. ಕೇಳದೆ ಇದ್ದುದೇ ಅವಳಿಗೆ ಕೇಳಿದ್ದಕ್ಕಿಂತ ಕಷ್ಟವಾಯಿತು. ಇವರಿಗೆ ತಿಳಿದಿದೆ ಎಂದು ಅವಳಿಗೆ ಖಚಿತವಾಯಿತು. ಪ್ರಿಂಟರಿನ ಪಕ್ಕದ ಕೋಣೆಯನ್ನು ನೋಡಿದಾಗಲೇ ತಿಳಿದಿರಬೇಕು. ತಿಳಿದೂ ಅಷ್ಟು ಹೊತ್ತು ನಿಂತು ಮಾತಾಡಿದರಲ್ಲ, ಯಾರಿಗಾಗಿ?

ಸಂಗಮೇಶ್ ಕೆಲಸಕ್ಕೆ, ಎರಡನೆಯ ಶಿಫ್ಟಿಗೆ ಹೋಗಿದ್ದ. ಅತ್ತೆ ಕಮಲವ್ವ ಆರು ತಿಂಗಳಿಗೆಂದು ಊರಿನಿಂದ ಬಂದವರು, ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರು. ಹೊಗೆಗೆ ಎಲ್ಲಿ ಅಲಾರಂ ಕೂಗುವುದೋ ಎಂದು ಕಿಟಕಿ ತೆರೆದಿಟ್ಟು, ಮೇಲೆ ಸ್ವೆಟರು ಹಾಕಿಕೊಂಡಿದ್ದರು. ಬಂದವರನ್ನು ನೋಡಿ ಸೆರಗು ಸರಿಮಾಡಿಕೊಂಡು, “ಯಾರವಾ ಇವ್ರು? ಭಾಳ ದಣದಾರ. ಕೂಡ್ರಿ ಅನ್ನು, ಕಾಲ್ ಚಾಚಿ ಕೂಡ್ರಿ ಅನ್ನು” ಎಂದರು.

“ನನಗ ಕೆಲಸ ಕಲಿಸಿದವ್ರು, ಅತ್ತಿ.”

“ಮಾಸ್ತರ್ರೇನು?”

“ಹ್ಞೂಂ. ಮಾಸ್ತರಂಗ. ಆಮ್ಯಾಲ ಮಂತ್ರಿ ಆಗಿದ್ರು.”

“ಮಂತ್ರಿ?” ಕಮಲವ್ವ ಮತ್ತೊಮ್ಮೆ ಅವರನ್ನು ನೋಡಿದರು. ಬೆಲ್ತ್ರಾಮಿ ಬಾಗಿಲಲ್ಲಿ ಬೂಟು ಬಿಚ್ಚಲು ಒಂದು ಕೈಯಿಂದ ಗೋಡೆ ಹಿಡಿದು, ಒಂಟಿ ಕಾಲಿನ ಮೇಲೆ ನಿಂತು ತೂಗಾಡುತ್ತಿದ್ದರು. “ಬಿಡು, ಎಲ್ಲಾರಿಗೂ ವಯಸ್ಸಾಕ್ಕತಿ” ಎಂದು ಕಮಲವ್ವ ಒಳಗೆ ಹೋದರು.

ಊಟದ ಮೇಜಿನ ಮುಂದೆ ಕೂತು ಬೆಲ್ತ್ರಾಮಿ ಫೋನು ತೆಗೆದರು. ಇಟಲಿಯಲ್ಲಿ ಈಗ ನಡುರಾತ್ರಿ. ಆದರೂ ಓರ್ನೆಲ್ಲಾ ಮೊದಲ ರಿಂಗಿಗೇ ಎತ್ತಿದಳು, ಕೈಯಲ್ಲೇ ಹಿಡಿದು ಕೂತವಳಂತೆ. ಅವರು ಇಟಾಲಿಯನ್ನಿನಲ್ಲಿ ಹೇಳತೊಡಗಿದರು. ತುಂಬ ಆದರದಿಂದ ಬರಮಾಡಿಕೊಂಡರು. ದೊಡ್ಡ ಅಧಿಕಾರಿಗಳೇ ಇದ್ದರು. ಬಿಡಿಯಾಗಿ ತರುವ ಯೋಚನೆ ಅವರಿಗೆ ಹಿಡಿಸಿತು, ಪರಿಶೀಲಿಸುತ್ತಾರೆ. ಚೇತನಾ ಎದುರಿಗೆ ಕೂತು ಕೇಳುತ್ತಿದ್ದಳು. ಒಂದೊಂದು ಮಾತೂ ನಡೆದದ್ದೇ, ಆದರೆ ಒಟ್ಟಾರೆ ಸುಳ್ಳು. ಇಂಥ ವಾಕ್ಯಗಳನ್ನು ಹಿಂದೆ ಅವಳೇ ಅವರಿಗೆ ಎಷ್ಟೋ ಸಲ ಟೈಪು ಮಾಡಿಕೊಟ್ಟಿದ್ದಳು, ‘ಆದರದ ವಾತಾವರಣದಲ್ಲಿ ಮಾತುಕತೆ ನಡೆಯಿತು’ ಎಂದು. ಯಾರೋ ಎಲ್ಲೋ ಅದನ್ನು ಓದಿ, ಇಂದು ಓರ್ನೆಲ್ಲಾ ನಂಬುತ್ತಿರುವ ಹಾಗೆ ನಂಬಿ, ಸೋಮವಾರಗಳನ್ನು ಕಾದಿರಬೇಕು. ಮಾತಿನ ನಡುವೆ ಅವರ ದನಿ ಒಮ್ಮೆಲೇ ನಿಂತಿತು. ಬಾಯಿ ತೆರೆದೇ ಇತ್ತು, ಮುಂದಿನ ಪದ ಬರಲಿಲ್ಲ. ಅಂಥ ಪದಗಳ ದಾಸ್ತಾನು ಅವರಲ್ಲಿ ತೀರಿಹೋದಂತಿತ್ತು. ಅವರು ಚೇತನಾಳ ಮುಖ ನೋಡಿದರು, ಹೊತ್ತು ಹೋಗುವಷ್ಟು ನೋಡಿದರು. ಆಮೇಲೆ, “ದೊತ್ತೊರೆಸ್ಸಾ ಇಲ್ಲೇ ಇದ್ದಾಳೆ, ಅವಳ ಹತ್ತಿರವೇ ಮಾತಾಡು” ಎಂದು ಫೋನನ್ನು ಮೇಜಿನ ಮೇಲೆ ಅವಳ ಕಡೆ ಸರಿಸಿದರು.

ಅವಳು ಎತ್ತಿಕೊಂಡಳು. “ಚೇತನಾ,” ಎಂದಿತು ಆ ಕಡೆಯ ದನಿ, ಅವರ ನಾಲಿಗೆಗೆ ಬರುವಂತೆ ‘ಚೇ’ಯನ್ನು ಮೆತ್ತಗೆ ಹಿಡಿದು. “ನೀನು ಅಲ್ಲಿದ್ದೀಯ ಅಂತ ಕೇಳಿ ಧೈರ್ಯ ಬಂತು. ನೀನು ಹೇಳು. ನಾವು ಸೋಮವಾರ ಕುಲುಮೆ ಹೊತ್ತಿಸೋಣವೇ?”

ಅರುಣ್ ಬಾಗಿಲಿಗೆ ಒರಗಿ ನಿಂತದ್ದು ಕಣ್ಣಿಗೆ ಬಂತು. ಮೊದ್ಲು ನಿಮ್ಮನ್ನೇ ಕೇಳ್ತಾರೆ. ಕೇಳಲಿ, ಎಂದುಕೊಳ್ಳುವಷ್ಟು ಧೈರ್ಯವೇನೂ ಅವಳಿಗೆ ಬರಲಿಲ್ಲ. ಹೆದರಿಕೆ ಇದ್ದ ಹಾಗೇ ಇತ್ತು. ಅದರ ಜೊತೆಗೇ ಇನ್ನೊಂದು ಆದರದ ವಾಕ್ಯವನ್ನು ಹೊಂದಿಸುವ ಶಕ್ತಿ ತನ್ನಲ್ಲಿ ಇಲ್ಲವೆಂದು ತಿಳಿಯಿತು.

“ಬೇಡ,” ಎಂದಳು. “ಹೊತ್ತಿಸಬೇಡ, ಓರ್ನೆಲ್ಲಾ. ಪ್ರೆಸ್‌ಗಳನ್ನು ನಾವು ತೆಗೆದುಕೊಳ್ಳುವುದಿಲ್ಲ. ಅದು ಇವತ್ತಿಗೆ ಮುಂಚೆಯೇ ತೀರ್ಮಾನವಾಗಿದೆ. ಬೇಡ ಅಂತ ಬರೆದುಕೊಟ್ಟವಳು ನಾನು. ನೀನು ಬೇರೆಯವರನ್ನು ನೋಡು, ಇವತ್ತಿನಿಂದಲೇ.”

ಫೋನಿನ ಆ ಕಡೆ ಎಲ್ಲೋ ಒಂದು ನಾಯಿ ಬೊಗಳುತ್ತಿತ್ತು. ಆಮೇಲೆ ಓರ್ನೆಲ್ಲಾ, “ಅವರಿಗೆ ಗೊತ್ತಿತ್ತೇ?” ಎಂದು ಕೇಳಿದಳು. ಚೇತನಾ ತಲೆಯೆತ್ತಿ ಬೆಲ್ತ್ರಾಮಿಯವರನ್ನು ನೋಡಿದಳು. ಅವರು ಎರಡೂ ಅಂಗೈಗಳನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟುಕೊಂಡು, ತೀರ್ಪು ಕೇಳುವವರಂತೆ ಅವಳನ್ನೇ ನೋಡುತ್ತಿದ್ದರು.

“ಇಲ್ಲ,” ಎಂದಳು ಚೇತನಾ. “ನಾನು ಹೇಳಿರಲಿಲ್ಲ. ಅವರು ಎಲ್ಲವನ್ನೂ ಸರಿಯಾಗಿ ಹೇಳಿದರು.”

ಮಾತು ಮುಗಿದ ಮೇಲೆ ಅವಳು ಫೋನನ್ನು ಮೇಜಿನ ಮೇಲೆ ಅವರ ಕಡೆ ಸರಿಸಿದಳು. ಹೊರಗೆ ಪಕ್ಕದ ಮನೆಯ ಗರಾಜಿನ ಬಾಗಿಲು ಮೇಲೇರಿ ಕೆಳಗಿಳಿಯಿತು. ಕಮಲವ್ವ ತಟ್ಟೆ ಹಿಡಿದು ಬಂದವರು ಇಬ್ಬರ ಮುಖವನ್ನೂ ನೋಡಿ ಬಾಗಿಲಲ್ಲೇ ನಿಂತರು.

“ಯಾರರ ಹೋದ್ರೇನವಾ?” ಎಂದು ದನಿ ಇಳಿಸಿ ಕೇಳಿದರು.

“ಇಲ್ಲ, ಅತ್ತಿ. ಯಾರೂ ಹೋಗಿಲ್ಲ.”

“ಹಂಗಾರ ಉಣ್ರಿ ಅನ್ನು ಅವ್ರಿಗೆ. ರೊಟ್ಟಿ ಆರಾಕತ್ತಾವ.”

ಚೇತನಾ ಅದನ್ನು ಇಟಾಲಿಯನ್ನಿನಲ್ಲಿ ಹೇಳಿದಳು, ಒಂದು ಪದವನ್ನೂ ಹೆಚ್ಚು ಕಡಿಮೆ ಮಾಡದೆ.